ವಾಚ್ ತೋರಿಸೋ ಬಿಪಿ ನಂಬಬಹುದಾ? ಕೌಂಟರಲ್ಲಿ ಪದೇ ಪದೇ ಕೇಳೋ ಪ್ರಶ್ನೆಗಳು

ಕುಮಟಾದಲ್ಲಿ ನಮ್ದೊಂದು ಮೆಡಿಕಲ್ ಶಾಪ್. ಮೊದಲೆಲ್ಲ ಜನ ಬಂದು "ಬಿಪಿ ಗುಳಿಗೆ ಊಟಕ್ಕೆ ಮುಂಚೆನಾ ಆಮೇಲಾ" ಅಂತ ಕೇಳ್ತಿದ್ರು, ಈಗ ಕೈ ಚಾಚಿ ವಾಚ್ ತೋರಿಸಿ "ಇದು 138 ಅಂತಿದೆ, ಎಂತ ಮಾಡೋದು" ಅಂತಾರೆ. ಒಬ್ಬೊಬ್ಬರಿಗೂ ನಿಂತು ಹೇಳುವಷ್ಟು ಪುರಸೊತ್ತು ಇರೂದಿಲ್ಲ, ಹಿಂದೆ ಚೀಟಿ ಹಿಡ್ಕೊಂಡು ನಾಲ್ಕು ಜನ ನಿಂತಿರ್ತಾರೆ, ಹಾಗಾಗಿ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ಯಾವ ಗುಳಿಗೆ, ಎಷ್ಟು ಅನ್ನೋದನ್ನ ನಿಮ್ಮ ಡಾಕ್ಟರೇ ಹೇಳ್ಬೇಕು. ಆದ್ರೆ ಅವರ ಮುಂದೆ ನೀವು ಇಡೋ ನಂಬರಾದ್ರೂ ಸರಿ ಇರ್ಬೇಕಲ್ಲ, ಇದು ಆ ನಂಬರಿನ ವಿಷಯ.

ಒಂದೇ ಮಾತಲ್ಲಿ ಹೇಳಿ, ವಾಚಿನ ಬಿಪಿ ಸರಿ ಇರ್ತದಾ ಇಲ್ವಾ?

ಗುಳಿಗೆ ಶುರು ಮಾಡೋಕೆ, ಬಿಡೋಕೆ, ಡೋಸ್ ಹೆಚ್ಚುಕಮ್ಮಿ ಮಾಡೋಕೆ ಅದನ್ನ ನಂಬ್ಬೇಡಿ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ, ಯುರೋಪಿನ ಹೈಪರ್‌ಟೆನ್ಷನ್ ಸೊಸೈಟಿ 2023ರಲ್ಲಿ, ಅಲ್ಲಿಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ, ಅಮೆರಿಕದವರು 2025ರಲ್ಲಿ ಬಿಟ್ಟ ಗೈಡ್‌ಲೈನ್ಸ್ ಮೂರೂ ಇದನ್ನೇ ಹೇಳ್ತವೆ, ಗಾಳಿ ತುಂಬಿ ಒತ್ತೋ ಪಟ್ಟಿ (ಕಫ್) ಇಲ್ಲದ ಸಾಧನಗಳನ್ನ ನಂಬಿ ಸದ್ಯಕ್ಕೆ ಚಿಕಿತ್ಸೆ ನಿರ್ಧಾರ ಬೇಡ ಅಂತ.

ಪಟ್ಟಿ ಕಟ್ಟದೇ ವಾಚ್ ಬಿಪಿ ಹ್ಯಾಂಗೆ ನೋಡ್ತದೆ?

ನೋಡೋದಿಲ್ಲ, ಅಂದಾಜು ಮಾಡ್ತದೆ. ಇದೊಂದು ತಿಳಿದ್ರೆ ಉಳಿದಿದ್ದೆಲ್ಲ ಸುಲಭ.

ತೋಳಿಗೆ ಕಟ್ಟೋ ಪಟ್ಟಿ ಗಾಳಿ ತುಂಬ್ಕೊಂಡು ರಕ್ತನಾಳವನ್ನ ಒತ್ತಿ ಹಿಡಿತದೆ, ಆಮೇಲೆ ನಿಧಾನ ಗಾಳಿ ಬಿಡ್ತದೆ. ರಕ್ತ ಮತ್ತೆ ನುಗ್ಗೋಕೆ ಶುರುವಾದಾಗ ಪಟ್ಟಿಯೊಳಗೆ ಎಷ್ಟು ಒತ್ತಡ ಇತ್ತೋ ಅದು ಮೇಲಿನ ನಂಬರ್. ಸ್ಟೆಥಸ್ಕೋಪ್ ಇಟ್ಟು ಆ ಸದ್ದು ಕೇಳೋ ಕ್ರಮವನ್ನ ರಷ್ಯಾದ ಡಾಕ್ಟರ್ ಕೊರೊಟ್ಕಾಫ್ 1905ರಲ್ಲಿ ಹೇಳಿದ್ದು, ಇವತ್ತಿಗೂ ಉಳಿದ ಮಷಿನ್‌ಗಳನ್ನ ಅದಕ್ಕೇ ತಾಳೆ ಹಾಕಿ ನೋಡ್ತಾರೆ. ಮನೆಯ ಡಿಜಿಟಲ್ ಮಷಿನ್ ಸದ್ದು ಕೇಳೋದಿಲ್ಲ, ಪಟ್ಟಿಯೊಳಗೆ ನಾಡಿ ಬಡಿದಾಗ ಗಾಳಿ ಅಲುಗೋದನ್ನ ಹಿಡ್ದು ಲೆಕ್ಕ ಹಾಕ್ತದೆ. ಅದೂ ಲೆಕ್ಕವೇ, ಆದ್ರೆ ಒತ್ತಡಕ್ಕೆ ಎದುರಾಗಿ ಒತ್ತಡ ಹಾಕಿ ನೋಡಿದ ಲೆಕ್ಕ.

ವಾಚ್ ಏನನ್ನೂ ಒತ್ತೋದೇ ಇಲ್ಲ. ಅಡಿಗೆ ಹಸಿರು ಲೈಟ್ ಮಿನುಗ್ತಾ ಇರ್ತದಲ್ಲ, ಆ ಬೆಳಕು ಚರ್ಮದ ಒಳಗೆ ಹೋಗಿ ವಾಪಸ್ ಬರ್ತದೆ, ನಾಡಿ ಬಡಿದಾಗ ಅಲ್ಲಿ ರಕ್ತ ಜಾಸ್ತಿ ಇರೋದ್ರಿಂದ ವಾಪಸ್ ಬರೋ ಬೆಳಕು ಕಮ್ಮಿ ಆಗ್ತದೆ, ಹಾಗೆ ಒಂದು ಅಲೆ ಸಿಗ್ತದೆ. ಆ ಅಲೆಯ ಆಕಾರ, ಕೆಲವು ವಾಚಲ್ಲಿ ಇಸಿಜಿನೂ ಸೇರಿಸಿ ಹೃದಯದಿಂದ ಮಣಿಕಟ್ಟಿಗೆ ಬರೋಕೆ ಅಲೆ ತಗೊಂಡ ಟೈಮು, ಇಷ್ಟು ಇಟ್ಕೊಂಡು ಬಿಪಿ ಇಷ್ಟಿರ್ಬಹುದು ಅಂತ ಊಹಿಸ್ತದೆ. ತೋಟಕ್ಕೆ ನೀರು ಬಿಡೋ ಗಟ್ಟಿ ಪಿವಿಸಿ ಪೈಪಲ್ಲಿ ಪಂಪಿನ ಹೊಡೆತ ಕೂಡ್ಲೇ ಆಚೆ ತುದಿಗೆ ಮುಟ್ತದೆ, ಮೆತ್ತಗಿನ ರಬ್ಬರ್ ಪೈಪಲ್ಲಿ ಸ್ವಲ್ಪ ತಡ ಆಗ್ತದಲ್ವಾ, ರಕ್ತನಾಳನೂ ಹಾಗೇ, ಬಿಪಿ ಏರಿದಾಗ ಬಿಗಿ ಆಗ್ತದೆ, ಅಲೆ ಬೇಗ ಬರ್ತದೆ. ಐಡಿಯಾ ಏನೋ ಸರಿಯೇ. ತೊಂದರೆ ಎಲ್ಲಿ ಅಂದ್ರೆ ರಕ್ತನಾಳ ಬಿಗಿ ಆಗೋದು ಬಿಪಿಯಿಂದ ಮಾತ್ರ ಅಲ್ಲ, ವಯಸ್ಸಿಂದ ಆಗ್ತದೆ, ಸಕ್ಕರೆ ಕಾಯಿಲೆಯಿಂದ ಆಗ್ತದೆ, ಡಿಸೆಂಬರಲ್ಲಿ ಶಿರಸಿ ಚಳಿಗೆ ಕೈ ತಣ್ಣಗಾದ್ರೂ ಮಣಿಕಟ್ಟಿನ ಸಣ್ಣ ನಾಳಗಳು ಮುದುಡ್ತವೆ. ಎಂತಕ್ಕೆ ಬದಲಾಯ್ತು ಅಂತ ಆ ಹಸಿರು ಲೈಟಿಗೆ ಗೊತ್ತಾಗೂದಿಲ್ಲ.

ಕ್ಯಾಲಿಬ್ರೇಟ್ ಮಾಡಿ ಅಂತ ಕೇಳ್ತದಲ್ಲ, ಅದು ಎಂತಕ್ಕೆ?

ಮೇಲೆ ಹೇಳಿದ ಕಾರಣಕ್ಕೇ. ಅಲೆ ನೋಡಿ ಬಿಪಿ ಏರ್ತಾ ಇದ್ಯಾ ಇಳೀತಾ ಇದ್ಯಾ ಅಂತ ಊಹೆ ಮಾಡ್ಬಹುದು, ಎಲ್ಲಿಂದ ಶುರು ಅಂತ ಗೊತ್ತಾಗ್ಬೇಕಲ್ಲ. ಅದಕ್ಕೆ ಮೊದಲು ತೋಳಿನ ಪಟ್ಟಿಯ ಮಷಿನಲ್ಲಿ ನೋಡಿದ ನಂಬರನ್ನ ನಾವೇ ಅದಕ್ಕೆ ಹೇಳ್ಕೊಡ್ಬೇಕು. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚಲ್ಲಾದ್ರೆ ಮೂರು ಸಲ ಪಟ್ಟಿಯಲ್ಲಿ ನೋಡಿ ಹಾಕ್ಬೇಕು, 28 ದಿನಕ್ಕೊಮ್ಮೆ ಮತ್ತೆ ಹಾಕ್ಬೇಕು, ಇದು ಕಂಪನಿಯವರೇ ಹೇಳಿದ ನಿಯಮ. ಅಂದ್ರೆ ವಾಚ್ ತಗೊಂಡ್ರೂ ಪಟ್ಟಿ ಮಷಿನ್ ತಪ್ಪೂದಿಲ್ಲ.

ಇಲ್ಲೊಂದು ಅಪಾಯ ಇದೆ, ಅದನ್ನ ಬಾಕ್ಸ್ ಮೇಲೆ ಯಾರೂ ದಪ್ಪ ಅಕ್ಷರದಲ್ಲಿ ಬರ್ಯೂದಿಲ್ಲ. ನೀವು ಗುಳಿಗೆ ತಗೊಂಡು ಬಿಪಿ 124 ಇರುವಾಗ ಕ್ಯಾಲಿಬ್ರೇಟ್ ಮಾಡಿದ್ರಿ ಅಂತ ಇಟ್ಕೊಳ್ಳಿ. ಆಮೇಲೆ ಬಿಪಿ ನಿಧಾನ ಏರ್ತಾ ಹೋದ್ರೆ ಎಷ್ಟೋ ಸಾಧನಗಳು ಆ 124ರ ಸುತ್ತಮುತ್ತಲೇ ತಿರುಗ್ತಾ ಇರ್ತವೆ, ಏರಿದ್ದರ ಜೊತೆ ಏರೂದಿಲ್ಲ. ನಾವು ಹೇಳ್ಕೊಟ್ಟಿದ್ದನ್ನೇ ನಮಗೆ ವಾಪಸ್ ಹೇಳ್ತವೆ.

ನನ್ನ ವಾಚ್ ಕ್ಯಾಲಿಬ್ರೇಷನ್ ಕೇಳೋದೇ ಇಲ್ಲ, ಹಾಕಿದ ಕೂಡ್ಲೇ ತೋರಿಸ್ತದೆ. ಅದು ಇನ್ನೂ ಒಳ್ಳೇದಲ್ವಾ?

ಅಲ್ಲ, ಇನ್ನೂ ಕಷ್ಟ. ಹಬ್ಬದ ಸೇಲಲ್ಲಿ ಒಂದು ಸಾವಿರ ಎರಡು ಸಾವಿರಕ್ಕೆ ಸಿಗೋ ವಾಚ್‌ಗಳಲ್ಲಿ ಇಂಥವು ಜಾಸ್ತಿ, ವಯಸ್ಸು ತೂಕ ಕೇಳಿ ಬಡಿತ ಎಣಿಸಿ ಒಂದು ನಂಬರ್ ಎಳೆದು ಕೊಡ್ತವೆ. ಅನುಮಾನ ಇದ್ರೆ ಒಂದು ಬಾಳೆಕಾಯಿಗೋ ಸುತ್ತಿದ ಟವೆಲಿಗೋ ಕಟ್ಟಿ ನೋಡಿ, ಕೆಲವು ವಾಚ್ ಅದಕ್ಕೂ ನಾಡಿ ತೋರಿಸ್ತವೆ, ಯಾಕಂದ್ರೆ ಅದಕ್ಕೆ ಬೇಕಾಗಿದ್ದು ವಾಪಸ್ ಬರೋ ಬೆಳಕು ಅಷ್ಟೇ. ಬಾಕ್ಸಲ್ಲಿ ಎಲ್ಲೋ ಮೂಲೆಯಲ್ಲಿ "ವೈದ್ಯಕೀಯ ಬಳಕೆಗೆ ಅಲ್ಲ" ಅಂತ ಸಣ್ಣಕ್ಕೆ ಬರೆದಿರ್ತಾರೆ, ಹುಡುಕಿ ಓದಿ.

ಆಸ್ಪತ್ರೆಯ ಮಷಿನ್ ಜೊತೆ ನಾನೇ ಹೋಲಿಸಿ ನೋಡಿದೆ, ಸರಿಯಾಗೇ ಬಂತಲ್ಲ?

ಈ ಮಾತು ಹೇಳುವವರೇ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೇನೆ. ನಾನೊಂದು ಡಬ್ಬಿ ಮಾಡ್ತೇನೆ, ಒಳಗೆ ಏನೂ ಇಲ್ಲ, ಬಟನ್ ಒತ್ತಿದ್ರೆ ಯಾವಾಗ್ಲೂ 125/80 ಅಂತ ಬರ್ತದೆ, ಒಮ್ಮೊಮ್ಮೆ 122, ಒಮ್ಮೊಮ್ಮೆ 128. ಅದನ್ನ ಕುಮಟಾ ಬಸ್‌ಸ್ಟ್ಯಾಂಡಲ್ಲಿ ಸಿಕ್ಕವರಿಗೆಲ್ಲ ಹಿಡಿದ್ರೆ ಎಷ್ಟೋ ಜನರಿಗೆ "ಹೌದಲ್ಲ, ಸರಿ ಇದೆ" ಅಂತ ಅನಿಸ್ತದೆ, ಯಾಕಂದ್ರೆ ಆರಾಮಾಗಿ ಕೂತಾಗ ತುಂಬ ಜನರ ಬಿಪಿ ಆ ಆಸುಪಾಸಲ್ಲೇ ಇರ್ತದೆ. ಡಬ್ಬಿ ಏನನ್ನೂ ಅಳೆದಿಲ್ಲ, ಆದ್ರೂ ಪಾಸಾಯ್ತು. ಅದು ತಪ್ಪೋದು ಯಾರಿಗೆ ಅಂದ್ರೆ 170 ಇದ್ದವರಿಗೆ, ಅಂದ್ರೆ ಯಾರಿಗೆ ನಿಜವಾಗಿ ಬೇಕಿತ್ತೋ ಅವರಿಗೇ.

ಹಾಗಾಗಿ ಕೂತಾಗ ಒಂದು ಸಲ ತಾಳೆ ಬಂತು ಅಂದ್ರೆ ಏನೂ ಸಾಬೀತಾಗ್ಲಿಲ್ಲ. ಬಿಪಿ ಏರಿದಾಗ ಏರ್ತದಾ, ಗುಳಿಗೆಯಿಂದ ಇಳಿದಾಗ ಇಳೀತದಾ, ಅದು ಪರೀಕ್ಷೆ.

ಹಾಗಾದ್ರೆ ಸರಿ ಇದೆ ಅಂತ ಯಾರು, ಹ್ಯಾಂಗೆ ತೀರ್ಮಾನ ಮಾಡ್ತಾರೆ?

ಪಟ್ಟಿ ಮಷಿನಿಗೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಐಎಸ್‌ಒ 81060-2 ಅಂತ, 2018ರದ್ದು. ಕಮ್ಮಿ ಅಂದ್ರೆ 85 ಜನರ ಮೇಲೆ ನೋಡ್ಬೇಕು, ಬಿಪಿ ಕಮ್ಮಿ ಇದ್ದವರು ಜಾಸ್ತಿ ಇದ್ದವರು ಎಲ್ಲ ಇರ್ಬೇಕು, ತರಬೇತಿ ಆದವರು ಸ್ಟೆಥಸ್ಕೋಪಲ್ಲಿ ಕೇಳಿದ್ದಕ್ಕೂ ಮಷಿನಿಗೂ ಸರಾಸರಿ ವ್ಯತ್ಯಾಸ 5 ಪಾಯಿಂಟ್ ದಾಟಬಾರದು, ಏರಿಳಿತ ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ 8 ದಾಟಬಾರದು.

ಪಟ್ಟಿ ಇಲ್ಲದ ವಾಚಿಗೆ ಈ ಒಂದೇ ಪರೀಕ್ಷೆ ಸಾಲೂದಿಲ್ಲ, ಮೇಲಿನ ಡಬ್ಬಿ ಕತೆಯೇ ಕಾರಣ, ಈಗಷ್ಟೇ ಕ್ಯಾಲಿಬ್ರೇಟ್ ಮಾಡಿ ಕೂರಿಸಿ ನೋಡಿದ್ರೆ ಪಾಸಾಗಿ ಬಿಡ್ತದೆ. ಅದಕ್ಕೆ ಯುರೋಪಿನ ಸೊಸೈಟಿಯವರು 2023ರಲ್ಲಿ ಆರು ಪರೀಕ್ಷೆ ಹೇಳಿದ್ರು: ಸುಮ್ನೆ ಕೂತಾಗ, ಕೈ ಮೇಲೆ ಕೆಳಗೆ ಮಾಡಿದಾಗ, ಗುಳಿಗೆ ಶುರು ಮಾಡಿದ ಮೇಲೆ, ಎಚ್ಚರ ಇದ್ದಾಗ ಮತ್ತು ನಿದ್ದೆಯಲ್ಲಿ, ವ್ಯಾಯಾಮ ಮಾಡಿದಾಗ, ಮತ್ತೆ ಮುಂದಿನ ಕ್ಯಾಲಿಬ್ರೇಷನ್ ಬರೋ ಹೊತ್ತಿಗೂ ಸರಿ ಇರ್ತದಾ ಅಂತ. ವಾಚ್ ಮಾರುವವರು "ಕ್ಲಿನಿಕಲಿ ಟೆಸ್ಟೆಡ್" ಅಂದ್ರೆ ಇದರಲ್ಲಿ ಯಾವುದು ಟೆಸ್ಟ್ ಆಗಿದೆ ಅಂತ ಕೇಳ್ಬೇಕು.

ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2025ರ ಸೆಪ್ಟೆಂಬರಲ್ಲಿ ಜನರಿಗೆ ನೇರ ಎಚ್ಚರಿಕೆ ಕೊಟ್ತು, ತಾವು ಅನುಮತಿ ಕೊಡದ ವಾಚು, ಉಂಗುರ ಇಂಥದ್ದರಲ್ಲಿ ಬಿಪಿ ನೋಡ್ಬೇಡಿ ಅಂತ. ನಮ್ಮಲ್ಲಿ ಬಿಪಿ ಮಷಿನ್‌ಗಳು ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಅಡಿಗೆ ಬರ್ತವೆ, ಬಾಕ್ಸ್ ಮೇಲೆ ಲೈಸೆನ್ಸ್ ನಂಬರ್ ಇರ್ಬೇಕು. ಯಾವ ಮಾಡೆಲ್ ಪರೀಕ್ಷೆ ಪಾಸಾಗಿದೆ ಅಂತ ನೋಡೋಕೆ ಸ್ಟ್ರೈಡ್ ಬಿಪಿ ಅನ್ನೋ ಸೈಟಲ್ಲಿ ಲಿಸ್ಟ್ ಇದೆ, ಪುಕ್ಕಟೆ, ಬ್ರ್ಯಾಂಡ್ ಹೆಸರು ಹಾಕಿ ಹುಡುಕಿದ್ರಾಯ್ತು. ಬ್ರ್ಯಾಂಡ್ ಸಾಲ್ದು, ಮಾಡೆಲ್ ನಂಬರೂ ತಾಳೆ ಆಗ್ಬೇಕು.

ಎಲ್ಲ ವಾಚೂ ಒಂದೇನಾ?

ಅಲ್ಲ. ಗಾಳಿ ತುಂಬೋ ಪಟ್ಟಿಯನ್ನ ಬೆಲ್ಟಲ್ಲೇ ಇಟ್ಕೊಂಡ ವಾಚ್‌ಗಳಿವೆ, ಓಮ್ರಾನಿನ ಹಾರ್ಟ್‌ಗೈಡ್ ಅನ್ನೋದಕ್ಕೆ 2018ರಲ್ಲೇ ಎಫ್‌ಡಿಎ ಒಪ್ಪಿಗೆ ಸಿಕ್ಕಿತ್ತು, ಹುವಾವೆಯ ವಾಚ್ ಡಿ ಅದೇ ಜಾತಿ. ಇವು ನಿಜವಾಗಿ ಒತ್ತಿ ನೋಡ್ತವೆ, ಹಾಗಾಗಿ ಬೇರೆ ಲೆಕ್ಕ. ಆದ್ರೆ ಮಣಿಕಟ್ಟು ಹೃದಯದ ಎತ್ತರಕ್ಕೇ ಇರ್ಬೇಕು.

ಆ್ಯಪಲ್ ವಾಚ್ ಬಗ್ಗೆ ತುಂಬ ಜನ ತಪ್ಪು ತಿಳ್ಕೊಂಡಿದ್ದಾರೆ. 2025ರ ಸೆಪ್ಟೆಂಬರಲ್ಲಿ ಒಪ್ಪಿಗೆ ಸಿಕ್ಕಿದ್ದು ಬಿಪಿ ನಂಬರಿಗಲ್ಲ, ಅದು ನಂಬರ್ ಕೊಡೋದೇ ಇಲ್ಲ. 30 ದಿನದ ನಾಡಿ ಅಲೆ ನೋಡಿ "ನಿಮಗೆ ಹೈ ಬಿಪಿ ಇರೋ ಲಕ್ಷಣ ಇದೆ" ಅಂತ ಒಂದು ನೋಟಿಫಿಕೇಷನ್ ಕಳಿಸ್ತದೆ, ಆಮೇಲೆ ಏಳು ದಿನ ಪಟ್ಟಿ ಮಷಿನಲ್ಲಿ ನೋಡಿ ಡಾಕ್ಟರಿಗೆ ತೋರಿಸಿ ಅಂತಾನೇ ಹೇಳ್ತದೆ. 22 ವರ್ಷದ ಒಳಗಿನವರಿಗೆ, ಬಸುರಿಯರಿಗೆ, ಈಗಾಗ್ಲೇ ಬಿಪಿ ಇದೆ ಅಂತ ಗೊತ್ತಿದ್ದವರಿಗೆ ಅದು ಅಲ್ಲ. ನೋಟಿಫಿಕೇಷನ್ ಬರ್ಲಿಲ್ಲ ಅಂದ್ರೆ ಬಿಪಿ ಇಲ್ಲ ಅಂತಲೂ ಅಲ್ಲ. ನನ್ನ ಕೇಳಿದ್ರೆ ಇದು ಪ್ರಾಮಾಣಿಕ ದಾರಿ, ಗೊತ್ತಿಲ್ಲದ ನಂಬರ್ ಹೇಳೋದಕ್ಕಿಂತ ಪಟ್ಟಿ ಕಡೆ ಕಳಿಸೋದು.

ವಾಚಲ್ಲಿ ಒಂದು ತಿಂಗಳಿಂದ ನಾರ್ಮಲ್ ಇದೆ, ಗುಳಿಗೆ ಬಿಡ್ಲಾ?

ಬಿಡ್ಬೇಡಿ. ದಯವಿಟ್ಟು.

ನಮ್ಮ ಅಂಗಡಿಗೆ ಬರುವ ರಿಟೈರ್ಡ್ ಮಾಸ್ತರೊಬ್ಬರು ತಿಂಗಳ ಆಮ್ಲೋಡಿಪಿನ್ ಸ್ಟ್ರಿಪ್ ಒಯ್ಯೋಕೆ ಬರೋದೇ ನಿಲ್ಲಿಸಿದ್ರು. ಒಂದಿನ ವಿಕ್ಸ್ ತಗೊಳ್ಳೋಕೆ ಬಂದಾಗ ಕೇಳಿದೆ, "ಈಗ ಬಿಪಿ ಇಲ್ಲ ತಮ್ಮಾ, ಮಗ ವಾಚ್ ಕೊಡ್ಸಿದ್ದಾನೆ, ದಿನಾ 126 ಒಳಗೇ ಇದೆ" ಅಂದ್ರು. ಕೂರಿಸಿ, ನೀರು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಪಟ್ಟಿ ಕಟ್ಟಿದೆ, 172/98. ಎರಡನೇ ಸಲ 168. ಆ ಹೊತ್ತಿಗೇ ಎಡಗೈಯ ವಾಚ್ 126/80 ಅಂತಿತ್ತು. ಅವರು ಎರಡು ಸ್ಕ್ರೀನನ್ನೂ ಕನ್ನಡಕ ಮೇಲೆ ಮಾಡಿ ಮಾಡಿ ನೋಡಿದ್ರು. ಅವತ್ತೇ ಡಾಕ್ಟರ ಹತ್ರ ಹೋದ್ರು, ಗುಳಿಗೆ ಮತ್ತೆ ಶುರು.

ಆಮ್ಲೋಡಿಪಿನ್ ದೇಹದಿಂದ ನಿಧಾನ ಇಳಿಯೋ ಗುಳಿಗೆ, ಬಿಟ್ಟ ಮೇಲೂ ಕೆಲವು ದಿನ ಬಿಪಿ ಹಿಡಿತದಲ್ಲೇ ಇರ್ತದೆ, ಅಷ್ಟರಲ್ಲಿ ಜನರಿಗೆ "ಗುಳಿಗೆ ಇಲ್ದೇನೂ ಅಡ್ಡಿಲ್ಲ" ಅಂತ ಧೈರ್ಯ ಬಂದಿರ್ತದೆ. ಬಿಪಿ ಏರಿದ್ದು ಹೆಚ್ಚಿನವರಿಗೆ ಮೈಗೆ ಗೊತ್ತೇ ಆಗೂದಿಲ್ಲ. ವಾಚ್ ಸುಮ್ಮನೆ ಜಾಸ್ತಿ ತೋರಿಸಿದ್ರೆ ಒಂದಿನ ಹೆದರ್ತೀರಿ, ಚೆಕ್ ಮಾಡಿಸ್ತೀರಿ, ಮುಗೀತು. ಸುಮ್ಮನೆ ಕಮ್ಮಿ ತೋರಿಸಿದ್ರೆ ಯಾರೂ ಚೆಕ್ ಮಾಡಿಸೂದಿಲ್ಲ. ನನಗೆ ಹೆದರಿಕೆ ಅದೇ. ಪಾರ್ಶ್ವವಾಯು ಹೊಡೆದ್ರೆ ನಮ್ಮ ಜಿಲ್ಲೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡ್ಬೇಕು, ಆ ದಾರಿ ಎಷ್ಟು ಉದ್ದ ಅಂತ ಇಲ್ಲಿಯವರಿಗೆ ಹೇಳಿಕೊಡ್ಬೇಕಾಗಿಲ್ಲ.

ಮನೆಗೆ ಯಾವ ಮಷಿನ್ ತಗೊಳ್ಳೋದು?

ತೋಳಿಗೆ ಕಟ್ಟೋ ಆಟೊಮ್ಯಾಟಿಕ್ ಡಿಜಿಟಲ್, 2000 ರೂಪಾಯಿ ಆಸುಪಾಸಲ್ಲಿ ಒಳ್ಳೇದು ಸಿಗ್ತದೆ. ಬ್ಲೂಟೂತ್, ಮಾತಾಡೋದು ಇದೆಲ್ಲ ಇಲ್ದಿದ್ರೂ ಅಡ್ಡಿಲ್ಲ, ಪಟ್ಟಿಯ ಸೈಜ್ ಮಾತ್ರ ನೋಡಿ. ಟೇಪ್ ಹಿಡಿದು ತೋಳಿನ ನಡು ಭಾಗ ಅಳೀರಿ, ಪಟ್ಟಿ ಮೇಲೆ 22-32 ಸೆಂಟಿಮೀಟರ್ ಅಂತೆಲ್ಲ ಬರೆದಿರ್ತದೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದ್ರೆ ಬಿಪಿ ಸುಳ್ಳೇ ಜಾಸ್ತಿ ಬರ್ತದೆ. ನಮ್ಮಲ್ಲೇ ತಗೊಳ್ಳಿ ಅಂತ ನಾನು ಹೇಳ್ತಾ ಇಲ್ಲ, ಎಲ್ಲಿ ಬೇಕಾದ್ರೂ ತಗೊಳ್ಳಿ, ತಗೊಂಡ ಮೇಲೆ ಒಮ್ಮೆ ಡಾಕ್ಟರ ಹತ್ರ ಒಯ್ದು ಅವರ ಮಷಿನ್ ಜೊತೆ ನೋಡಿ.

ಮನೆಯಲ್ಲಿ ನೋಡುವ ಸರಿಯಾದ ಕ್ರಮ ಎಂತದು?

ಮಷಿನ್ ಎಷ್ಟೇ ಒಳ್ಳೇದಿರ್ಲಿ, ಕೂರುವ ಕ್ರಮ ತಪ್ಪಿದ್ರೆ ಹತ್ತು ಹದಿನೈದು ಪಾಯಿಂಟ್ ಸುಲಭದಲ್ಲಿ ಹಾಳಾಗ್ತದೆ. ನೋಡೋ ಅರ್ಧ ಗಂಟೆ ಮೊದಲು ಚಾ, ಕಾಫಿ, ಬೀಡಿ ಬೇಡ, ಕವಳನೂ ಬೇಡ, ಹೊಗೆಸೊಪ್ಪು ಹಾಕಿದ ಕವಳ ಅಂತೂ ಬೇಡವೇ ಬೇಡ. ತೋಟದಿಂದ ದರೆ ಹತ್ತಿ ಬಂದ ಕೂಡ್ಲೇ ನೋಡ್ಬೇಡಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಒರಗಿಕೊಳ್ಳೋಕೆ ಆಗೋ ಕುರ್ಚಿ, ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಹಾಕದೇ ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಈ ಐದು ನಿಮಿಷವನ್ನೇ ಎಲ್ಲರೂ ಬಿಡೋದು. ಅಂಗಿ ತೋಳಿನ ಮೇಲೆ ಕಟ್ಟದೇ ಬರಿ ಮೈಗೆ ಕಟ್ಟಿ, ಕೈಯನ್ನ ಟೇಬಲ್ ಮೇಲೆ ಇಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರ್ಬೇಕು. ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ರೆ ಹೆಚ್ಚುಕಮ್ಮಿ 7-8 ಪಾಯಿಂಟ್ ಜಾಸ್ತಿ ತೋರಿಸ್ತದೆ, ಮೇಲಿದ್ರೆ ಅಷ್ಟೇ ಕಮ್ಮಿ. ಮಣಿಕಟ್ಟಲ್ಲಿ ನೋಡುವ ಮಷಿನಿಗೆ ಇದು ಇನ್ನೂ ದೊಡ್ಡ ತೊಂದರೆ, ಕೈ ತೊಡೆ ಮೇಲೆ ಇಟ್ಕೊಂಡೇ ನೋಡಿ ಬಿಡ್ತಾರೆ.

ನೋಡುವಾಗ ಮಾತು ಬೇಡ. ಆಯಿಗೆ ಪಟ್ಟಿ ಕಟ್ಟಿ "ರಾತ್ರಿ ನಿದ್ದೆ ಬಂತಾ, ಗುಳಿಗೆ ತಗೊಂಡ್ಯಾ" ಅಂತ ಕೇಳ್ತಾ ಕೂತ್ರೆ ಆ ರೀಡಿಂಗ್ ಕೆಲಸಕ್ಕೆ ಬರೂದಿಲ್ಲ.

ಬೆಳಿಗ್ಗೆ ಗುಳಿಗೆಗೂ ತಿಂಡಿಗೂ ಮೊದಲು ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, ರಾತ್ರಿ ಮತ್ತೆ ಎರಡು ಸಲ. ಡಾಕ್ಟರ ಹತ್ರ ಹೋಗೋ ಮೊದಲಿನ ಏಳು ದಿನ ಹೀಗೆ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದಿದ್ದರ ಸರಾಸರಿ ತೆಗೀರಿ, 135/85 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಹೈ ಬಿಪಿ ಅಂತ ಲೆಕ್ಕ. ಆಸ್ಪತ್ರೆಯಲ್ಲಿ ನೋಡಿದ್ದಕ್ಕೆ 140/90. ಕಮ್ಮಿ ಬಂದ ದಿನದ್ದು ಮಾತ್ರ ಬರೆಯೋದು ಬೇಡ, ಬಂದಿದ್ದೆಲ್ಲ ಬರೀರಿ.

ಒಣಮೀನು, ಅಪ್ಪೆಮಿಡಿ ತಿಂದ ದಿನ ವಾಚಲ್ಲಿ ಬಿಪಿ ಏರಿದ್ದು ಗೊತ್ತಾಗ್ತದಾ?

ಇಲ್ಲ, ಅದನ್ನ ನೋಡಿ ಒಂದು ಹೋಳು ಹೆಚ್ಚು ಹಾಕ್ಕೊಳ್ಳೋದೂ ಬೇಡ. ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಉಪ್ಪು ಅಂತ ಡಬ್ಲ್ಯುಎಚ್ಒ ಹೇಳ್ತದೆ, ಅಂದ್ರೆ ಒಂದು ಟೀ ಚಮಚಕ್ಕೂ ಕಮ್ಮಿ. ನಮ್ಮ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ ಎಲ್ಲ ಸೇರಿದ್ರೆ ಅದು ಮಧ್ಯಾಹ್ನಕ್ಕೇ ದಾಟಿ ಹೋಗ್ತದೆ. ಉಪ್ಪು ಕಮ್ಮಿ ಮಾಡಿದ್ದರ ಫಲ ಕಾಣೋಕೆ ವಾರಗಟ್ಟಲೆ ಬೇಕು, ಅಂಥ ನಿಧಾನದ ಬದಲಾವಣೆಯಲ್ಲೇ ವಾಚ್ ಎಡವೋದು.

ರಾತ್ರಿ ಎರಡು ಗಂಟೆಗೆ ವಾಚ್ 165 ಅಂತು, ಏನು ಮಾಡ್ಲಿ?

ಎದ್ದು ಕೂತು ಪಟ್ಟಿ ಕಟ್ಟಿ ನೋಡಿ. ಕೈ ತಲೆ ಕೆಳಗೆ ಸಿಕ್ಕಿಕೊಂಡಿದ್ರೂ, ಬೆಲ್ಟ್ ಸಡಿಲ ಆದ್ರೂ ವಾಚಿನ ಲೆಕ್ಕ ತಪ್ತದೆ. ಪಟ್ಟಿಯಲ್ಲೂ 180/120 ದಾಟಿ, ಜೊತೆಗೆ ಎದೆನೋವು, ಉಬ್ಬಸ, ಒಂದು ಕೈಕಾಲು ಸೋತದ್ದು, ಮುಖ ಸೊಟ್ಟ ಆದದ್ದು, ಮಾತು ತೊದಲಿದ್ದು ಇದ್ರೆ ಕೂಡ್ಲೇ 108. ಈ ಲಕ್ಷಣ ಇದ್ರೆ ಬಿಪಿ ಎಷ್ಟೇ ಇರ್ಲಿ, ವಾಚ್ ಏನೇ ಹೇಳ್ಲಿ, 108ಕ್ಕೆ ಫೋನ್ ಮಾಡಿ. ಲಕ್ಷಣ ಯಾವುದೂ ಇಲ್ದೆ ನಂಬರ್ ಮಾತ್ರ ಜಾಸ್ತಿ ಇದ್ರೆ ಸ್ವಲ್ಪ ಹೊತ್ತು ಕೂತು ಮತ್ತೆ ನೋಡಿ, ಇಳೀದಿದ್ರೆ ಡಾಕ್ಟರಿಗೆ ಆಗಲೇ ಫೋನ್ ಮಾಡಿ ಕೇಳಿ. ನೀವೇ ಎರಡನೇ ಗುಳಿಗೆ ನುಂಗೋದು, ನಾಲಿಗೆ ಅಡಿಗೆ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ಹಾಕೋದು ಮಾಡ್ಬೇಡಿ, ಬಿಪಿ ಧಡಕ್ಕನೆ ಇಳಿದ್ರೆ ಅದೇ ಅಪಾಯ.

ಬಸುರಿಯರು ವಾಚ್ ನೋಡಿ ಸುಮ್ನಿರ್ಬಹುದಾ?

ಖಂಡಿತ ಇಲ್ಲ. ಬಸುರಿಯಲ್ಲಿ ರಕ್ತನಾಳದ ಸ್ಥಿತಿಯೇ ಬದಲಾಗಿರ್ತದೆ, ವಾಚಿನ ಲೆಕ್ಕ ಅಲ್ಲಿ ನಡ್ಯೂದಿಲ್ಲ. ಐದು ತಿಂಗಳ ನಂತರ ಬಿಪಿ 140/90 ದಾಟೋದು, ತಲೆನೋವು, ಕಣ್ಣು ಮಂಜಾಗೋದು, ಹೊಟ್ಟೆಯ ಮೇಲ್ಭಾಗ ನೋವು, ಮುಖ ಕೈ ಊದೋದು ಇದೆಲ್ಲ ತಾಯಿಗೂ ಮಗುವಿಗೂ ಅಪಾಯದ ಸೂಚನೆ, ಅವತ್ತೇ ಆಸ್ಪತ್ರೆಗೆ. ಪ್ರತಿ ತಪಾಸಣೆಯಲ್ಲೂ ಪಟ್ಟಿ ಕಟ್ಟಿ ನೋಡಿ ತಾಯಿ ಕಾರ್ಡಲ್ಲಿ ಬರೆದಿದ್ದಾರಾ ಅಂತ ನೀವೇ ನೋಡ್ಕೊಳ್ಳಿ.

ನಾಡಿ ಬಡಿತ ತಪ್ಪಿ ತಪ್ಪಿ ಬರ್ತದೆ ಅಂದಿದ್ದಾರೆ, ಅಂಥವರಿಗೆ?

ವಾಚಿನ ಬಿಪಿ ಇನ್ನೂ ಅಲ್ಲೋಲಕಲ್ಲೋಲ. ಪಟ್ಟಿ ಮಷಿನೂ ಪ್ರತಿ ಸಲ ಬೇರೆ ಬೇರೆ ತೋರಿಸ್ಬಹುದು, ಮೂರು ಸಲ ನೋಡಿ ಸರಾಸರಿ ತೆಗೀರಿ, ಡಾಕ್ಟರಿಗೆ ಹೇಳಿ. ಆದ್ರೆ ಇಂಥ ತಪ್ಪು ಬಡಿತ ಇದೆ ಅಂತ ಮೊದಲು ಸುಳಿವು ಕೊಡೋದ್ರಲ್ಲಿ ಇಸಿಜಿ ಇರೋ ಒಳ್ಳೆ ವಾಚ್‌ಗಳು ನಿಜವಾಗಿ ಉಪಯೋಗ. ನಾಡಿ ಎಣಿಸೋದು, ಎಷ್ಟು ನಡೆದ್ರಿ ಅನ್ನೋದೂ ಅವಕ್ಕೆ ಬರ್ತದೆ. ಮಗಳು ಬೆಂಗಳೂರಿಂದ ಪ್ರೀತಿಯಿಂದ ಕಳಿಸಿದ ವಾಚ್ ಬಿಸಾಡ್ಬೇಕಾಗಿಲ್ಲ, ನಡಿಗೆಗೆ ಇಟ್ಕೊಳ್ಳಿ, ಮುಂದಿನ ಸಲ ಅವಳು "ಎಂತ ಕಳಿಸ್ಲಿ ಆಯಿ" ಅಂತ ಕೇಳಿದ್ರೆ ತೋಳಿನ ಮಷಿನ್ ಅಂತ ಹೇಳಿ.

ಮಷಿನ್ ತಗೊಳ್ಳೋಕೆ ಈಗ ಆಗೂದಿಲ್ಲ, ಎಲ್ಲಿ ನೋಡ್ಸೋದು?

ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಉಪಕೇಂದ್ರದಲ್ಲಿ ಪುಕ್ಕಟೆ ನೋಡ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರಿಗೆ ಅಂತಾನೇ ಎನ್‌ಸಿಡಿ ಕ್ಲಿನಿಕ್ ಇರ್ತದೆ, ಅಲ್ಲಿ ಗುಳಿಗೆನೂ ಪುಕ್ಕಟೆ. ಕಾರವಾರ ಕಡೆಯವರಿಗೆ ಅಲ್ಲಿಯ ಮೆಡಿಕಲ್ ಕಾಲೇಜ್ ಆಸ್ಪತ್ರೆ ಕ್ರಿಮ್ಸ್, ಶಿರಸಿಯವರಿಗೆ ಪಂಡಿತ್ ಆಸ್ಪತ್ರೆ ಇದೆ. ಆಸ್ಪತ್ರೆಯಲ್ಲಿ ಮಾತ್ರ ಏರಿ ಮನೆಯಲ್ಲಿ ಸರಿ ಇರುವವರಿಗೆ, ಇಲ್ಲಾ ಅದರ ಉಲ್ಟಾ ಇರುವವರಿಗೆ, ಡಾಕ್ಟರು 24 ಗಂಟೆ ಪಟ್ಟಿ ಕಟ್ಟಿಕೊಂಡು ಓಡಾಡೋ ಮಷಿನ್ ಹೇಳ್ಬಹುದು, ಹಗಲಲ್ಲಿ 15-20 ನಿಮಿಷಕ್ಕೊಮ್ಮೆ ತಾನೇ ನೋಡಿ ಬರ್ಕೊಳ್ತದೆ, ರಾತ್ರಿ ಸ್ವಲ್ಪ ಅಪರೂಪಕ್ಕೆ. ಅಂಗಡಿಗೆ ಬಂದ್ರೆ ನಾವೂ ನೋಡ್ತೇವೆ, ದುಡ್ಡಿಲ್ಲ, ಒಳಗೆ ಫ್ಯಾನ್ ಕೆಳಗೆ ಕುರ್ಚಿ ಹಾಕಿಟ್ಟಿದೆ, ಬಂದು ಮೊದಲು ಐದು ನಿಮಿಷ ಕೂತ್ಕೊಳ್ಳಿ.